ಐದು ಮಾತ್ರೆಯ ಉಸಿರು

ನಾಟಕದ ಮೇಷ್ಟ್ರು ಗದರಲಿಲ್ಲ. ಗದರಿದ್ದರೇ ವಾಸಿಯಿತ್ತು. ಮೂಗಿನ ಮೇಲಿಂದ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸುತ್ತ ಮೆಲ್ಲಗೆ ಹೇಳಿದರು.

"ಭಾನುವಾರ ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ನೋಡೋಣಮ್ಮ. ಅವತ್ತೂ ಹೀಗೇ ಆದ್ರೆ ಹನ್ನೊಂದು ಪದ್ಯಾನೂ ತೆಗೆದುಬಿಡ್ತೀನಿ. ದೋಣಿಯವನ ಪಾತ್ರ ಮಾಡೋನು ಅದನ್ನೇ ಮಾತಲ್ಲಿ ಹೇಳಲಿ."

ತಾಲೀಮಿನ ಕೋಣೆಯಲ್ಲಿ ನಟರು ತಮ್ಮ ಹಾಳೆಗಳನ್ನು ಎತ್ತಿಟ್ಟುಕೊಂಡರು. ಅಮ್ಮ ಸೆರಗು ಹೊದ್ದು ಎದ್ದಳು. ಮಗಳು ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆಯ ತಂತಿ ಸುತ್ತಿದಳು. ತಪ್ಪೆಲ್ಲ ಆ ಪೆಟ್ಟಿಗೆಯದು, ಅಂದರೆ ತನ್ನದು ಎಂದು ಅವಳಿಗೆ ಗೊತ್ತಿತ್ತು.

ಮೂವತ್ತು ವರ್ಷದಿಂದ ಈ ತಂಡದ ನಾಟಕಗಳಿಗೆ ಪದ್ಯ ಹೇಳುತ್ತಿದ್ದವಳು ಅಮ್ಮ. ರಂಗದ ಪಕ್ಕದಲ್ಲಿ ಕಾಲು ಮಡಿಚಿ ಕೂತು, ಕಣ್ಣು ಮುಚ್ಚಿ, ಪುಸ್ತಕವಿಲ್ಲದೆ ಹೇಳುತ್ತಿದ್ದಳು. ಜೊತೆಗೆ ಮದ್ದಳೆಯವರು ಇರುತ್ತಿದ್ದರು. ಹೋದ ತಿಂಗಳು ಅವರು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರು. ಅವರ ಪೆಟ್ಟಿಲ್ಲದೆ ಅಮ್ಮನ ಪದ್ಯ ಹಿಡಿತ ತಪ್ಪಿತು. ಇಷ್ಟವಾದ ಮಾತು ಬಂದರೆ ಅಲ್ಲೇ ನಿಂತುಬಿಡುವಳು. ಹೊಳೆ ಅಂದರೆ ಹೊಳೆಯ ದಡದಲ್ಲೇ ಕೂತುಬಿಡುವಳು. ನಟರು ರಂಗದ ಅಂಚಿನಲ್ಲಿ ಕಾಲು ಬದಲಾಯಿಸುತ್ತ ನಿಲ್ಲಬೇಕಾಗುತ್ತಿತ್ತು.

ಆಗ ಮಗಳು, "ಪೆಟ್ಟು ನಾನು ಕೊಡ್ತೀನಿ," ಅಂದಿದ್ದಳು.

ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಸಂಬಳ ಕೂಡಿಟ್ಟು ಕೊಂಡ ಅಂಗೈಯಗಲದ ಆ ತಾಳದ ಪೆಟ್ಟಿಗೆ ಅವಳ ಏಕೈಕ ಶೋಕಿ. ಎಂಟೆಂಟರಂತೆ ಎರಡು ಸಾಲು ಗುಂಡಿ, ಒಂದೊಂದು ಗುಂಡಿಯೂ ತಾಳದ ಒಂದೊಂದು ಮನೆ, ಮೇಲೆ ನಾಲ್ಕು ನಾಬು. ಯಾವ ಗುಂಡಿ ಒತ್ತಿದರೆ ಆ ಮನೆಯಲ್ಲಿ ಪೆಟ್ಟು ಬೀಳುತ್ತದೆ, ಬಿಟ್ಟರೆ ಮೌನ. ಬೆಳಕು ಎಡದಿಂದ ಬಲಕ್ಕೆ ಓಡುತ್ತದೆ, ಮತ್ತೆ ಮೊದಲಿಗೆ ಬರುತ್ತದೆ. ರೆಕಾರ್ಡ್ ಒತ್ತಿಕೊಂಡು ನಾಬು ತಿರುಗಿಸಿದರೆ ಕೈ ತಿರುಗಿದ ರೀತಿಯನ್ನೂ ನೆನಪಿಟ್ಟು, ಮುಂದಿನ ಸುತ್ತಿನಲ್ಲಿ ತಾನೇ ಹಾಗೆ ತಿರುಗಿಸುತ್ತದೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಅದರ ತಂತಿ ಕಿವಿಗೆ ಸಿಕ್ಕಿಸಿಕೊಂಡು ಅವಳು ಅದರೊಳಗೆ ಮುಳುಗಿರುತ್ತಿದ್ದಳು. ಅಂಗಡಿಯ ಯಜಮಾನರು ಅದನ್ನು ಕ್ಯಾಲ್ಕುಲೇಟರ್ ಎಂದೇ ತಿಳಿದಿದ್ದರು.

ಪದ್ಯದ ಲೆಕ್ಕ ಅವಳಿಗೆ ಹೊಸದಲ್ಲ. ಮಾತು ಬರುವ ಮೊದಲೇ ಅಮ್ಮನ ಮಡಿಲಲ್ಲಿ ಕೇಳಿದ ಪದ್ಯಗಳು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಹದಿನಾರು ಮನೆಯ ಪೆಟ್ಟಿಗೆಯಲ್ಲಿ ಕೊನೆಯ ಎರಡನ್ನು ಮುಚ್ಚಿ ಹದಿನಾಲ್ಕು ಮಾಡಿದಳು.

*ಹೊಳೆಯ ದಾಟಿಸು ದೋಣಿಯವನೇ
ಬೆಳಕು ಹರಿಯುವ ಮೊದಲೆ ಬಂದೆನು
ತಿಳಿಯ ನೀರಲಿ ಮುಖವ ಕಂಡೆನು ನನ್ನ ದಡವೆಲ್ಲಿ*

ಮೊದಲೆರಡು ಸಾಲು ಗೆರೆ ಎಳೆದಂತೆ ಕೂತವು. ಮೂರನೆಯದು ಉದ್ದನೆಯ ಸಾಲು. ಕೊನೆಯ ಅಕ್ಷರವನ್ನು ಎಳೆದು ಎರಡೆಂದು ಹಿಡಿದು, ಒಂದೊಂದೇ ಮಾತ್ರೆ ಬೆರಳು ಮಡಿಚಿ ಎಣಿಸಿದಳು: ಇಪ್ಪತ್ತಮೂರು. ಹದಿನಾಲ್ಕರದೊಂದು, ಒಂಬತ್ತರದೊಂದು ಸುತ್ತು ಜೋಡಿಸಿ ಇಪ್ಪತ್ತಮೂರೇ ಮನೆ ಹಾಕಿದಳು. ಆದರೆ ತಾಲೀಮಿನಲ್ಲಿ ಅಮ್ಮ ಅಲ್ಲಿಗೆ ಬಂದಾಗಲೆಲ್ಲ ಪೆಟ್ಟಿಗೆ ಅವಳನ್ನು ಬಿಟ್ಟು ಮುಂದೋಡಿತು. ಅಮ್ಮ ಅದರ ಬೆನ್ನು ಹತ್ತಿದಳು, ಎಡವಿದಳು, ಕೊನೆಗೆ ಹುಟ್ಟಿದಂದಿನಿಂದ ಬಾಯಲ್ಲಿದ್ದ ಪದ್ಯವನ್ನೇ ಮರೆತು ಸುಮ್ಮನಾದಳು.

ಮನೆಗೆ ನಡೆಯುವಾಗ ಅಮ್ಮ ಹೇಳಿದ್ದು ಒಂದೇ ಮಾತು. "ನಿನ್ನ ಪೆಟ್ಟಿಗೆಗೆ ದಮ್ಮೇ ಕಟ್ಟಲ್ಲ ನೋಡು. ನನಗೆ ಕಟ್ಟುತ್ತೆ."

ಮಗಳು ಅದನ್ನು ಹಂಗಿಸುವ ಮಾತು ಎಂದುಕೊಂಡಳು. ವೇಗ ಕಡಿಮೆ ಮಾಡಿದಳು, ಪೆಟ್ಟು ಮೆತ್ತಗೆ ಮಾಡಿದಳು. ಎರಡು ದಿನ ಏನು ಮಾಡಿದರೂ ಮೂರನೆಯ ಸಾಲಿನ ತುದಿಯಲ್ಲಿ ಅದೇ ಮುಗ್ಗರಿಕೆ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಊರುಗೋಲಿನ ಅಜ್ಜಿಯೊಬ್ಬರು ಬಂದು ಚೀಟಿ ಕೊಟ್ಟರು. ರಕ್ತದೊತ್ತಡದ ಮಾತ್ರೆ, ಇಪ್ಪತ್ತಮೂರು.

"ಇದೇನಜ್ಜಿ ಇಪ್ಪತ್ತಮೂರು?"

"ಮನೇಲಿ ಒಂದು ವಾರದ್ದು ಉಳಿದಿದೆಯಮ್ಮ. ತಿಂಗಳು ತುಂಬೋಕೆ ಅಷ್ಟೇ ಸಾಕು. ಜಾಸ್ತಿ ಕೊಟ್ರೆ ನನ್ನ ಸೊಸೆ ನಿನ್ನನ್ನೂ ಬೈತಾಳೆ, ನನ್ನನ್ನೂ ಬೈತಾಳೆ."

ಆ ಮಾತ್ರೆ ಹದಿನಾಲ್ಕರ ಸ್ಟ್ರಿಪ್ಪಿನಲ್ಲಿ ಬರುವಂಥದು. ಒಂದು ಪೂರ್ತಿ ಇಟ್ಟಳು. ಇನ್ನೊಂದನ್ನು ಕತ್ತರಿಯಲ್ಲಿ ಕತ್ತರಿಸಿ ಒಂಬತ್ತು ಕೊಟ್ಟಳು. ಕೈಯಲ್ಲಿ ಐದು ಉಳಿದವು.

ಅವಳು ಆ ಐದನ್ನೇ ನೋಡುತ್ತ ನಿಂತಳು. ಉದ್ದನೆಯ ಸಾಲೂ ಹೀಗೇ ತಾನೇ? ಹದಿನಾಲ್ಕು, ಮತ್ತೆ ಹದಿನಾಲ್ಕು. ಇಪ್ಪತ್ತಮೂರು ಬರೆದದ್ದು. ಉಳಿದ ಐದು ಎಲ್ಲಿ ಹೋಯಿತು?

"ಬರ್ತೀನಮ್ಮ," ಎಂದು ಅಜ್ಜಿ ಹೊರಟಿದ್ದರು. ಅವಳು ಆಗಲೇ ಮನೆಗೆ ಫೋನು ಹಚ್ಚಿದ್ದಳು.

"ಅಮ್ಮ, ಏನ್ಮಾಡ್ತಿದೀಯ?"

"ಬಟ್ಟೆ ಇಸ್ತ್ರಿ ಮಾಡ್ತಿದೀನಿ. ಯಾಕೇ?"

"ಮೊದಲನೇ ಪದ್ಯ ಹೇಳು. ಪೆಟ್ಟಿಗೆ ಇಲ್ಲ, ಯಾರೂ ಇಲ್ಲ. ನಿನ್ನ ಪಾಡಿಗೆ ಹೇಳು."

ಅಮ್ಮ ಹೇಳಿದಳು. ಮಗಳು ಗಾಜಿನ ಮೇಜಿನ ಮೇಲೆ ಬೆರಳಿನಿಂದ ಬಡಿಯುತ್ತ ಹೋದಳು. "ನನ್ನ ದಡವೆಲ್ಲಿ" ಎಂದಾಗ ಇಪ್ಪತ್ತಮೂರು. ಅತ್ತ ಕಡೆಯಿಂದ ಇಸ್ತ್ರಿಪೆಟ್ಟಿಗೆ ಎತ್ತಿಟ್ಟ ಸದ್ದು, ಉದ್ದನೆಯ ಉಸಿರು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯ ಬಡಿತಕ್ಕೆ ಸರಿಯಾಗಿ ಮುಂದಿನ ಸಾಲು ಎದ್ದಿತು. ಇನ್ನೊಮ್ಮೆ ಹೇಳಿಸಿದಳು. ಮತ್ತೆ ಐದೇ.

"ಅಮ್ಮ, ಐದು ಮಾತ್ರೆ ಬಿಟ್ಟುಹೋಗಿತ್ತು. ಅದಕ್ಕೇ ನೀನು ಅವತ್ತು ತಡವರಿಸಿದ್ದು. ಎಣಿಸೋವಾಗ ನಾನೇ ಬಿಟ್ಟುಬಿಟ್ಟೆ."

ಬಾಗಿಲ ಬಳಿ ಅಜ್ಜಿ ಗಕ್ಕನೆ ತಿರುಗಿ ನಿಂತರು. ಪಕ್ಕದಲ್ಲಿ ಯಜಮಾನರ ಪೆನ್ನೂ ನಿಂತಿತು.

"ಯಾರಿಗಮ್ಮ ಐದು ಮಾತ್ರೆ ಕಡಿಮೆ ಕೊಟ್ಟೆ?" ಅಂದರು ಯಜಮಾನರು. "ಎಷ್ಟು ದಿನ ಆಯ್ತು?"

"ಆ ಮಾತ್ರೆ ಅಲ್ಲ ಸಾರ್. ಪದ್ಯದ್ದು."

"ಪದ್ಯಕ್ಕೇನು ಕಾಯಿಲೆ?"

"ನನ್ನದೊಂದು ಸಲ ಎಣಿಸಿಬಿಡು ತಾಯಿ," ಎಂದು ಅಜ್ಜಿ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದರು. ಅವಳು ನಗು ತಡೆದುಕೊಂಡು, ಎರಡು ಸಲ ಎಣಿಸಿ ತೋರಿಸಿ ಕಳಿಸಿದಳು.

ಸಂಜೆ ಮನೆಯಲ್ಲಿ ಅಮ್ಮನೆದುರು ಪೆಟ್ಟಿಗೆ ಇಟ್ಟು ಕೂತಳು. ಉದ್ದನೆಯ ಸಾಲಿಗೆ ಈಗ ಇಪ್ಪತ್ತೆಂಟು ಮನೆ. ಅಮ್ಮ ಒಮ್ಮೆ ಹೇಳಿದಳು, ಮುಗ್ಗರಿಸಲಿಲ್ಲ. ಎರಡನೆಯ ಸಲ ಕಣ್ಣು ಮುಚ್ಚಿದಳು.

"ಅಲ್ಲ ಕಣೇ, ಇಷ್ಟು ದಿನ ನೀನು ಬರೆದದ್ದನ್ನ ಮಾತ್ರ ಎಣಿಸ್ತಿದ್ದೆಯಾ? ಉಸಿರೂ ಪದ್ಯದ್ದೇ ತಾನೇ. ನಮ್ಮಪ್ಪ ಪದ್ಯ ಹೇಳ್ತಾ ಅಲ್ಲಿ ನಿಲ್ಲಿಸಿದ್ರೆ ಕೇಳೋರೂ ಉಸಿರು ಹಿಡಿದು ಕೂತಿರೋರು."

"ಮೊದಲೇ ಹೇಳಬಾರದಿತ್ತಾ?"

"ಉಸಿರಾಡ್ತೀನಿ ಅಂತ ಯಾರಾದ್ರೂ ಹೇಳಿಕೊಂಡು ಓಡಾಡ್ತಾರಾ?"

ಆದರೂ ಆ ಐದು ಮನೆ ಖಾಲಿ ಬಿಡಲು ಮಗಳಿಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯಲ್ಲಿ ಶ್ರುತಿಯೊಂದನ್ನು ಇಟ್ಟಳು. ಕಂಬಳಿ ಹೊದ್ದು ಮಲಗಿದವರ ಗೊರಕೆಯಂತೆ ತಗ್ಗಿಸಿಟ್ಟಳು. ಮೊದಲ ನಾಬು ತಿರುಗಿಸಿದರೆ ಅದು ಮುಸುಕು ತೆಗೆದು ಏಳುತ್ತದೆ. ಅಮ್ಮನ ಕೈ ಹಿಡಿದು ನಾಬಿನ ಮೇಲಿಟ್ಟಳು.

"ನೀನು ಉಸಿರು ಎಳ್ಕೊಳ್ಳೋವಾಗ ಇದನ್ನ ತಿರುಗಿಸು. ಮಾತು ಶುರುವಾದಾಗ ವಾಪಸ್ ತಾ. ಅಷ್ಟೇ."

"ಕೆಟ್ಟುಗಿಟ್ಟೀತು."

"ಕೆಡಲ್ಲ."

ರೆಕಾರ್ಡಿನ ಕೆಂಪು ದೀಪ ಹತ್ತಿತು. ಅಮ್ಮ ಹೇಳಿದಳು, ಸಾಲಿನ ತುದಿಯಲ್ಲಿ ಎದೆ ತುಂಬಿತು, ಅದರ ಜೊತೆಗೇ ಬೆರಳೂ ತಿರುಗಿತು. ಒಂದೇ ಸಮನಾಗಿ ಅಲ್ಲ, ಮೊದಲು ತಡೆದು, ಆಮೇಲೆ ಒಮ್ಮೆಲೇ ತುಂಬಿ. ಮುಂದಿನ ಸುತ್ತಿನಲ್ಲಿ ಅಮ್ಮ ಕೈ ತೆಗೆದಿದ್ದಳು. ಶ್ರುತಿ ಮಾತ್ರ ಅದೇ ಜಾಗದಲ್ಲಿ ಹಾಗೇ ತಡೆದು, ಹಾಗೇ ತುಂಬಿ, ಅಮ್ಮನ ಉಸಿರಿಗೆ ಹೆಗಲು ಕೊಟ್ಟಿತು. ಅಮ್ಮ ತನ್ನ ಕೈಯನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಪದ್ಯ ಮುಂದುವರಿಸಿದಳು.

ಭಾನುವಾರ ನಾಲ್ಕಕ್ಕೆ ತಂಡವೆಲ್ಲ ಸೇರಿತ್ತು. ಸಾಹುಕಾರನ ಪಾತ್ರದವನು ಕುರ್ಚಿ ಎಳೆದುಕೊಂಡು, "ಇವತ್ತು ಅಮ್ಮನಿಗೂ ಬ್ಯಾಟರಿ ಹಾಕಿಸಿಕೊಂಡು ಬಂದಿದೀರಾ ಹೇಗೆ?" ಅಂದ.

"ಹಾಕಿಸಿದೀನಪ್ಪ," ಅಂದಳು ಅಮ್ಮ. "ನಿನ್ನ ಮಾತು ಮರೆತಾಗ ನಾನೇ ಎತ್ತಿಕೊಡ್ತೀನಿ."

ಮೇಷ್ಟ್ರು ನಗಲಿಲ್ಲ. ಕೈಯಲ್ಲಿ ಹನ್ನೊಂದು ಪದ್ಯಗಳ ಹಾಳೆ, ಕಿವಿಯ ಮೇಲೆ ಪೆನ್ಸಿಲ್. ಶುರು ಮಾಡಿ ಎಂದು ಬೆರಳಾಡಿಸಿದರು.

ಮಗಳು ಗುಂಡಿ ಒತ್ತಿದಳು. ಬೆಳಕು ಓಡಿತು. ಮೊದಲ ಸಾಲು, ಎರಡನೆಯದು. ಮೂರನೆಯ ಸಾಲಿನಲ್ಲಿ ಮೇಷ್ಟ್ರ ಕೈ ಪೆನ್ಸಿಲಿಗೆ ಹೋಯಿತು. "ನನ್ನ ದಡವೆಲ್ಲಿ" ಎಂದು ಅಮ್ಮ ನಿಲ್ಲಿಸಿದಳು. ಶ್ರುತಿ ಎದ್ದಿತು, ಕೋಣೆಯ ಮೂಲೆ ಮೂಲೆ ತುಂಬಿತು. ಐದು ಮಾತ್ರೆಯ ಹೊತ್ತು ಯಾರೂ ಕುರ್ಚಿ ಕಿರುಗುಟ್ಟಿಸಲಿಲ್ಲ. ಅಷ್ಟರಲ್ಲಿ ಪೆಟ್ಟೂ ಅಮ್ಮನ ಕೊರಳೂ ಒಂದೇ ಗಳಿಗೆಯಲ್ಲಿ ಹೆಜ್ಜೆ ಇಟ್ಟವು. ಮೇಷ್ಟ್ರ ಕೈ ಕಿವಿಯ ಬಳಿಯೇ ಉಳಿಯಿತು.

ಪದ್ಯ ಮುಗಿಯಿತು. ಆಗ ರಂಗಕ್ಕೆ ಬರಬೇಕಿದ್ದ ದೋಣಿಯವನು ಬರಲಿಲ್ಲ.

"ಎಲ್ಲಯ್ಯ ನೀನು?" ಮೇಷ್ಟ್ರು ಕೂಗಿದರು.

ಅವನು ಪರದೆಯ ಹಿಂದಿನಿಂದ ತಲೆ ಹೊರಗೆ ಹಾಕಿದ. "ಮುಗೀತಾ ಸಾರ್? ಕೇಳ್ತಾ ನಿಂತುಬಿಟ್ಟೆ."

ಕೋಣೆಗೆ ಕೋಣೆಯೇ ನಕ್ಕಿತು. ಮೇಷ್ಟ್ರು ಹಾಳೆಯನ್ನು ನೀಟಾಗಿ ಮಡಿಚಿ ಕಡತದೊಳಗೆ ಸೇರಿಸಿದರು. "ಹನ್ನೊಂದೂ ಇರಲಿ ಬಿಡಿ," ಅಂದರು.

"ಹದಿಮೂರು," ಅಂದಳು ಅಮ್ಮ.

"ಏನಮ್ಮ?"

"ಬರೆದದ್ದು ಹದಿಮೂರು. ಮದ್ದಳೆಯವರು ಹೋದ ಮೇಲೆ ಎಳೆಯುತ್ತೆ ಅಂತ ಎರಡು ತೆಗೆದುಹಾಕಿದ್ರಿ. ಈಗ ಎಳೆಯಲ್ಲ."

ಮೇಷ್ಟ್ರು ಮಗಳ ಕಡೆ ನೋಡಿದರು. "ಆಗುತ್ತೇನಮ್ಮ? ಇನ್ನು ಒಂದೇ ವಾರ ಇರೋದು."

"ಹತ್ತು ನಿಮಿಷದ ಕೆಲಸ ಸಾರ್," ಅಂದಳು ಮಗಳು.

"ಸರಿ, ಹದಿಮೂರು," ಅಂದರು ಮೇಷ್ಟ್ರು. ಅಮ್ಮ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಮಗಳಿಗೆ ಶುರು ಮಾಡು ಎಂದು ತಲೆಯಾಡಿಸಿದಳು.