ಬೀಳದ ಸವಾರ

ಚರ್ಚಿನಲ್ಲಿ ಮೇಣದ ಬತ್ತಿ ಹರಸುವ ಫೆಬ್ರವರಿಯ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಹಿಮ ಗಟ್ಟಿಯಾಗಿತ್ತು. ಬೆಳಗಿನ ಹಾಲು ಕರೆದು ಮುಗಿಯುವ ಹೊತ್ತಿಗೆ, ನಾನು ಲಾಯದಲ್ಲಿ ಕುದುರೆಯ ಗೊರಸು ಕೆರೆಯುತ್ತಿದ್ದಾಗ, ಒಡತಿ ಕೊರ್ದುಲಾ ಒಬ್ಬರೇ ಬಂದರು.

ಅವರ ಗಂಡ, ವೆರ್ಬೋವೊದ ಒಡೆಯ ಹೀರೋನಿಮ್, ಕ್ರಿಸ್ಮಸ್ಸಿಗೆ ಮುಂಚೆ ಜ್ವರದಲ್ಲಿ ತೀರಿಕೊಂಡಿದ್ದರು. ನೆಂಟರೆಲ್ಲ ಕೂಡುವವರೆಗೆ ಪೆಟ್ಟಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಕಾದಿತ್ತು. ಅಂದು ಕೂಡಿದ್ದರು. ಅಂಥ ಮನೆತನಗಳಲ್ಲಿ ಸತ್ತವರ ಮೈಕಟ್ಟಿನವನೊಬ್ಬ ಅವರ ಬಟ್ಟೆ ತೊಟ್ಟು, ಅವರ ಕುದುರೆ ಏರಿ ಚರ್ಚಿನೊಳಗೆ ನುಗ್ಗುತ್ತಾನೆ. ಈಟಿ ಮುರಿದು ಪೆಟ್ಟಿಗೆಯ ಮುಂದೆ ದಡಾರನೆ ಬೀಳುತ್ತಾನೆ. ಆಗಲೇ ಒಡೆಯ ಸತ್ತ ಲೆಕ್ಕ, ಆಗಲೇ ಆಸ್ತಿ ವಾರಸುದಾರರ ಕೈಗೆ ಹೋಗುತ್ತದೆ. ವಂಶಕ್ಕೆ ಗಂಡು ಉಳಿದಿಲ್ಲದಿದ್ದರೆ, ಅವನು ಬಿದ್ದ ಮೇಲೆ ಮನೆತನದ ಗುರಾಣಿಯನ್ನೂ ಒಡೆಯುತ್ತಾರೆ. ಅಂದಿನ ಸವಾರ ನಾನು.

“ಬ್ವಾಜೆಯ್, ಬೀಳೋದು ಕಲ್ತ್ಯಾ?”

“ಹುಲ್ಲಿನ ಮೇಲೆ ಬಿದ್ದು ನೋಡ್ದೆ ಅಮ್ಮಾವ್ರೆ. ಚರ್ಚಿನ ಕಲ್ಲಿನ ಮೇಲೆ ಬಿದ್ರೆ ನಂಗೂ ಒಂದು ಪೆಟ್ಗೆ ಮಾಡಿಸ್ಬೇಕಾಗುತ್ತೆ.”

ಅವರು ನಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

“ಮೂರು ತಿಂಗ್ಳು. ಕಾಸ್ಪೆರ್ ಅಣ್ಣ ನಂಬಲ್ಲ. ದುಃಖಕ್ಕೆ ಹೊಟ್ಟೆ ಊದಿದೆ ತಂಗಿ ಅಂತಾರೆ. ಗುರಾಣಿ ಒಡೆದ್ರೆ ಇವತ್ತೇ ಬೀಗದಕೈ ಕಿತ್ಕೋತಾರೆ. ಆಮೇಲೆ ನನ್ನ ಮಗು ಕೋರ್ಟಿಗೆ ಅಲೆದೂ ಅಲೆದೂ ಮುದಿಯಾಗುತ್ತೆ.”

ಕಾಸ್ಪೆರ್ ಒಡೆಯರ ತಂಗಿಯ ಗಂಡ. ಮಕ್ಕಳಿಲ್ಲದೆ ಒಡೆಯರು ಹೋದರೆ ಹೊಲ, ಕಾಡು, ಗಿರಣಿ ಎಲ್ಲ ಆ ತಂಗಿಗೆ.

“ನಾನೇನ್ ಮಾಡ್ಲಿ?”

“ಬೀಳ್ಬೇಡ.”

ಅಷ್ಟು ಹೇಳಿ ಹೊರಟುಹೋದರು.

ಒಡೆಯರ ಕೆಂಪು ನಡುಪಟ್ಟಿ ನನಗೆ ಒಂದು ಸುತ್ತು ಹೆಚ್ಚಾಗಿತ್ತು. ನಾನು ಚರ್ಚಿನೊಳಗೆ ನುಗ್ಗಿದಾಗ ಹೆಂಗಸರು ಗೊಳೋ ಎಂದು ಅತ್ತರು. ಪೆಟ್ಟಿಗೆಯ ಪಕ್ಕದಲ್ಲಿ ಕಾಸ್ಪೆರ್ ಕೊಡಲಿ ಹಿಡಿದು ನಿಂತಿದ್ದ. ಅವನ ಕಾಲ ಬಳಿ ಕೊಕ್ಕರೆ ಕೆತ್ತಿದ ಮರದ ಗುರಾಣಿ ಇತ್ತು. ನಾನು ಈಟಿ ಮುರಿದೆ. ಕುದುರೆಯನ್ನು ಪೆಟ್ಟಿಗೆಯ ಸುತ್ತ ನಡೆಸಿದೆ. ಇನ್ನೊಂದು ಸುತ್ತು ನಡೆಸಿದೆ.

“ಬೀಳೋ, ಲೇ!” ಎಂದ ಕಾಸ್ಪೆರ್, ಹಲ್ಲು ಕಚ್ಚಿ.

“ಸತ್ತೋರ್ನ ಲೇ ಅನ್ಬಾರ್ದು ಸ್ವಾಮಿ,” ಎಂದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಡೆಯರ ಮುದಿ ಸೋದರತ್ತೆ ಮೂಗೊರೆಸಿಕೊಂಡು, “ಬದುಕಿದ್ದಾಗ್ಲೂ ಹೀರೋನಿಮ್ ಯಾರ ಮಾತು ಕೇಳಿದ್ದ? ಬಿಡು, ಅವನಿಗೆ ಇನ್ನೂ ಏನೋ ಕೆಲ್ಸ ಇರ್ಬೇಕು,” ಎಂದಳು. ಅಳುತ್ತಿದ್ದವರಲ್ಲಿ ಕೆಲವರು ನಕ್ಕರು. ನಾನು ಬಾಗಿಲಿನತ್ತ ಕುದುರೆ ತಿರುಗಿಸಿ ಹೊರಗೆ ಹೋದೆ.

ಪಾದ್ರಿ ಪುಸ್ತಕ ಮುಚ್ಚಿದರು. ಒಮ್ಮೆ ಏರಿದ ಸವಾರನೇ ಬೀಳಬೇಕು, ಅವನು ಬೀಳದೆ ಗುರಾಣಿ ಒಡೆಯುವಂತಿಲ್ಲ, ಪೆಟ್ಟಿಗೆಯನ್ನು ಗೋರಿಗೆ ಇಳಿಸುವಂತಿಲ್ಲ ಎಂದರು. ನೆಂಟರು ಊಟಕ್ಕೆ ಮಾತ್ರ ತಪ್ಪದೆ ಕೂತರು. ಕಾಸ್ಪೆರ್ ಲಾಯಕ್ಕೆ ಬಂದು ಚಾವಟಿಯಿಂದ ನನ್ನ ಬೆನ್ನು ಸುಲಿದ. ಆಮೇಲೆ ಒಡತಿಯ ಎದುರು ನಿಂತು, “ಆಯ್ತು ತಂಗಿ. ಆ ಹೊಟ್ಟೇಲಿ ಗಾಳಿ ಇದ್ಯೋ ಮಗು ಇದ್ಯೋ, ಇಲ್ಲೇ ಕೂತು ನೋಡ್ತೀನಿ,” ಎಂದ.

“ಕೂತ್ಕೊಳ್ಳಿ ಅಣ್ಣ. ಅತಿಥಿಗಳಿಗೆ ಸಾರು ಹಾಕೋದು ಈ ಮನೇಲಿ ನಿಂತಿಲ್ಲ.”

ಹಾಗೇ ಕೂತ. ಹಿಮ ಕರಗಿತು, ಹೊಲದಲ್ಲಿ ರೈ ಪೈರು ಹಸಿರಾಯಿತು. ಈಸ್ಟರ್ ಹೊತ್ತಿಗೆ ಹೊಟ್ಟೆ ಎಲ್ಲರಿಗೂ ಕಂಡಿತು. ಆದರೂ ಅವನು ಹೋಗಲಿಲ್ಲ. ಹುಟ್ಟಿದ್ದೆಲ್ಲ ಬದುಕುವುದಿಲ್ಲ ಎಂದು ಅಡುಗೆಮನೆಯವರೆದುರೇ ಹೇಳಿದ್ದ.

ಸೊಪ್ಪು, ತೆನೆ ಹರಸುವ ಆಗಸ್ಟಿನ ಹಬ್ಬಕ್ಕೆ ಮುಂಚೆ ಹೆಣ್ಣು ಹುಟ್ಟಿತು. ಚರ್ಚಿಗೆ ಒಯ್ದು ದೀಕ್ಷೆಯ ನೀರು ಹಾಕಿಸಿದಾಗ ಊರೆಲ್ಲ ಕೇಳುವಂತೆ ಕಿರುಚಿತು. ಹೆಣ್ಣಿನಿಂದ ಹೆಸರು ಸಾಗುವುದಿಲ್ಲ, ನೆಲ ಸಾಗುತ್ತದೆ.

ಹಬ್ಬ ಕಳೆದ ಶನಿವಾರ ನಾನು ಮತ್ತೆ ಅದೇ ಕೆಂಪು ನಡುಪಟ್ಟಿ ಸುತ್ತಿಕೊಂಡೆ. ಬಾಗಿಲಲ್ಲಿ ಒಡತಿ ನನ್ನ ನೋಡಿ ತಲೆಯಾಡಿಸಿದರು. ಈ ಸಲ ಬಿದ್ದೆ. ಭುಜದ ಮೂಳೆ ಮುರಿಯಿತು. ಮಳೆ ಬರುವ ಮುಂಚೆ ಈಗಲೂ ನೋಯುತ್ತದೆ. ಕಾಸ್ಪೆರ್ ಕೊಡಲಿ ಎತ್ತಿ ಗುರಾಣಿ ಒಡೆದ. ಮೊದಲು ಹೋದದ್ದು ಕೊಕ್ಕರೆಯ ಕೊರಳು. ಒಡತಿ ಅತ್ತರು. ಸೊಂಟದಲ್ಲಿ ಬೀಗದಕೈಗಳ ಗೊಂಚಲು ಇದ್ದಲ್ಲೇ ಇತ್ತು.

ಕಾಸ್ಪೆರ್ ಭಾನುವಾರದ ಪೂಜೆಗೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆಯೇ ಹೋದ.