ಬೀದಿ ಕಾಯೋರು ಯಾರು?

“ಟೈಮಿನ ಮೇಲೆ ಅಂಟಿಸ್ರಿ ಅಳಿಯಂದ್ರೇ, ಮುಖದ ಮೇಲಲ್ಲ!”

ಸುಲೋಚನಮ್ಮ ಸ್ಟೂಲು ಹಿಡಿದುಕೊಂಡು ಕೆಳಗಿನಿಂದ ಕೂಗಿದಳು. ಸ್ಟೂಲಿನ ಮೇಲೆ ಅವಳ ಅಳಿಯ ಭೈರೇಶ, ಕಡೂರು ಠಾಣೆಯ ಬೀಟ್ ಕಾನ್‌ಸ್ಟೆಬಲ್, ಹಲ್ಲಲ್ಲಿ ಟೇಪು ಕಚ್ಚಿಕೊಂಡು ಬೀದಿ ಮೂಲೆಯ ಫ್ಲೆಕ್ಸಿನ ಜೊತೆ ಗುದ್ದಾಡುತ್ತಿದ್ದ. ಫ್ಲೆಕ್ಸಿನಲ್ಲಿ ಪಕ್ಕದ ಮನೆ ಹುಲಿಯಮ್ಮನ ಹೆಸರು, ಫೋಟೋ. ನಿನ್ನೆ ಮಧ್ಯಾಹ್ನ ಮುದ್ದೆ ಉಂಡು ಅಡ್ಡಾದವಳು ಮತ್ತೆ ಏಳಲಿಲ್ಲ. ಎಪ್ಪತ್ತು ದಾಟಿತ್ತು. ನರಳಲಿಲ್ಲ, ಯಾರ ಕೈಲೂ ಒಂದು ಲೋಟ ನೀರು ಕೇಳಲಿಲ್ಲ. ಸಾವು ಅಂದ್ರೆ ಹಿಂಗಿರಬೇಕಪ್ಪ ಎಂದು ಬೆಳಗಿನಿಂದ ಬಂದವರೆಲ್ಲ ಹೇಳಿ ಹೋಗಿದ್ದರು.

ಫ್ಲೆಕ್ಸಿನ ಒಕ್ಕಣೆ ಬೀದಿಯ ಹಿರಿಯರಾದ ರಂಗಯ್ಯನವರದು. ‘ಮಧ್ಯಾಹ್ನ ಮೂರಕ್ಕೆ ಅಂತ್ಯಸಂಸ್ಕಾರ. ಬೀದಿಯ ಸಮಸ್ತ ನಿವಾಸಿಗಳೂ ತಪ್ಪದೇ ಭಾಗವಹಿಸುವರು.’

“ರಂಗಯ್ಯೋರೇ, ಇದೇನು ಶ್ರದ್ಧಾಂಜಲಿನೋ ಕಳ್ಳರಿಗೆ ಕರೆಯೋಲೆನೋ?” ಭೈರೇಶ ಟೇಪು ಬಾಯಿಂದ ತೆಗೆದು ಕೇಳಿದ. “ಮೂರು ಗಂಟೆಗೆ ಬೀದೀಲಿ ಒಂದು ನರಪಿಳ್ಳೇನೂ ಇರಲ್ಲ, ಬಂದು ಬಾಚ್ಕೊಂಡು ಹೋಗ್ರಪ್ಪ ಅಂತ ಫೋಟೋ ಸಮೇತ ಹಾಕ್ಸಿದ್ದೀರಲ್ಲ!”

“ದುಃಖದಲ್ಲಿ ಬರ್ದೆ ಕಣಪ್ಪ,” ಎಂದರು ರಂಗಯ್ಯ. “ಕಳ್ಳರೂ ಓದ್ತಾರೆ ಅಂತ ಹೊಳೀಲಿಲ್ಲ.”

ಹುಲಿಯಮ್ಮ ಇದ್ದಿದ್ದರೆ ಮೊದಲು ಅವಳಿಗೇ ಹೊಳೆಯುತ್ತಿತ್ತು. ಹಿಂದೊಮ್ಮೆ ಇಡೀ ಬೀದಿ ಅಜ್ಜಂಪುರಕ್ಕೆ ಒಂದು ಗೃಹಪ್ರವೇಶಕ್ಕೆ ಹೋಗಿ ಬರುವಷ್ಟರಲ್ಲಿ ನಾಲ್ಕು ಮನೆಗಳ ಬೀಗ ಒಡೆದಿತ್ತು. ಸ್ನಾನದ ತಾಮ್ರದ ಹಂಡೆಯನ್ನೂ ಬಿಟ್ಟಿರಲಿಲ್ಲ ಆ ಪಾಪಿಗಳು. ಅವತ್ತಿನಿಂದ ಮದುವೆ ಇರಲಿ, ಮಣ್ಣಿರಲಿ, “ಹೋಗ್ರೀ ಎಲ್ಲಾ, ನಾನಿರ್ತೀನಿ” ಎಂದು ಹುಲಿಯಮ್ಮ ತನ್ನ ಜಗಲಿಯ ಮೇಲೆ ಕಾಲು ನೀಡಿ ಕೂತುಬಿಡುತ್ತಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತಳಾದ ಹೆಂಗಸು, ಹೋಗಿ ಬರುವವರನ್ನೆಲ್ಲ ‘ಎಲ್ಲಿಗೆ, ಯಾಕೆ’ ಎಂದು ಕೇಳಿ ಕೇಳಿ ನಾಲಿಗೆ ಪಳಗಿತ್ತು. ಬೀದಿಯ ಮದುವೆ ಊಟವನ್ನೆಲ್ಲ ಅವಳು ಉಂಡಿದ್ದು ಕ್ಯಾರಿಯರಿನಲ್ಲೇ. ಸುಲೋಚನಮ್ಮನ ಗಂಡ ಈರಣ್ಣ ತೀರಿಕೊಂಡಾಗಲೂ ಮಣ್ಣಿಗೆ ಬಾರದೆ ಬೀದಿ ಕಾದು, ಬಂದವರಿಗೆ ಹಂಡೆಗಟ್ಟಲೆ ನೀರು ಕಾಯಿಸಿಟ್ಟವಳು ಅವಳೇ. ಆಮೇಲೆ ಠಾಣೆಯವರು ಬೀಟ್ ಸಮಿತಿ ಮಾಡಿ, ಸದಸ್ಯೆ ಎಂದು ಕೊರಳಿಗೆ ಕಾರ್ಡು ಹಾಕಿದರಲ್ಲ, ಅಲ್ಲಿಗೆ ಮಂಗನಿಗೆ ಹೆಂಡ ಕುಡಿಸಿದಂತಾಯಿತು.

ಈಗ ಅವಳದೇ ಸಾವು. ಬೀದಿ ಕಾಯೋರು ಯಾರು?

“ಒಬ್ರು ಹೋಮ್‌ಗಾರ್ಡ್ ಕಳಿಸ್ತೀನಿ ಅಂದವ್ರೆ ಸಾಹೇಬ್ರು,” ಎಂದ ಭೈರೇಶ ಸ್ಟೂಲಿನಿಂದ ಇಳಿಯುತ್ತ. ಸುಲೋಚನಮ್ಮನ ಎದೆ ಹಗುರಾಯಿತು. ಅವಳು ಮಣ್ಣಿಗೆ ಹೋಗಲೇಬೇಕಿತ್ತು. ನಾಲ್ಕು ವರ್ಷದಿಂದ ಹುಲಿಯಮ್ಮನ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ಬೆಳಗ್ಗೆ ಶವದ ಪಕ್ಕ ಕೂತು ಬಾಯಿ ತೆರೆದಿದ್ದಳು. ಸುತ್ತ ಅಷ್ಟು ಜನ, ನಾಲಿಗೆ ಏಳಲಿಲ್ಲ. ಗುಂಡಿಯ ಹತ್ತಿರ ಹಿಡಿ ಮಣ್ಣು ಹಾಕುವಾಗ ಬಗ್ಗಿ ಪಿಸುಗುಟ್ಟಿದರೆ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಕಾಯುತ್ತಿದ್ದಳು.

*

ಮಾತು ಬಿಟ್ಟಿದ್ದಕ್ಕೆ ಕಾರಣ ಸುಲೋಚನಮ್ಮನ ಮಗಳು ಸ್ಫೂರ್ತಿಯನ್ನು ನೋಡಲು ತರೀಕೆರೆಯಿಂದ ಬಂದ ಗಂಡಿನ ಕಡೆಯವರು.

ಅವರು ಬಿಳಿ ಕಾರಿನಲ್ಲಿ ಬೀದಿಯನ್ನು ಎರಡು ಸುತ್ತು ಹಾಕಿದರು. ಮೂಲೆ ಅಂಗಡಿಯ ಹತ್ತಿರ ಇಳಿದು, ಪಕ್ಕದಲ್ಲಿ ಎಲೆಅಡಿಕೆ ಕೊಳ್ಳುತ್ತಿದ್ದ ಮುದುಕಿಯನ್ನು ಮೆಲ್ಲಗೆ ಕೇಳಿದರು: “ಆ ನೀಲಿ ಗೇಟಿನ ಮನೇಲಿ ತಾಯಿ ಮಗಳು ಇಬ್ರೇನಾ? ತೋಟ ಎಷ್ಟೈತೆ? ಬಂಗಾರ ಗಿಂಗಾರ ಏನಾದ್ರೂ ಮಡಗವ್ರಾ?”

ಹೆಣ್ಣು ನೋಡಲು ಬಂದವರು ಮನೆ ಹೊಕ್ಕುವ ಮುಂಚೆ ನೆರೆಹೊರೆಯಲ್ಲಿ ಹೀಗೆ ವಿಚಾರಿಸುವುದು ನಮ್ಮ ಸೀಮೆಯ ವಾಡಿಕೆ. ಕನ್ನ ಹಾಕುವವರು ವಿಚಾರಿಸುವುದೂ ಇದನ್ನೇ. ಆ ಮುದುಕಿ ಹುಲಿಯಮ್ಮ ಆಗಿದ್ದದ್ದು ಅವರ ಗ್ರಹಚಾರ.

“ಬನ್ರಪ್ಪಾ, ಬೀದೀಲಿ ನಿಂತ್ಕಂಡು ಆಡೋ ಮಾತಾ ಇವು? ಕಾಫಿ ಕುಡೀತಾ ಎಲ್ಲಾ ಹೇಳ್ತೀನಿ,” ಎಂದು ನಗುನಗುತ್ತ ಕರೆದುಕೊಂಡು ಹೋಗಿ ತನ್ನ ಕೋಣೆಯಲ್ಲಿ ಕೂರಿಸಿದಳು. ಹೊರಗಿನಿಂದ ಚಿಲಕ ಜಡಿದಳು. 112ಕ್ಕೆ ಫೋನು ಮಾಡಿದಳು. ಒನಕೆ ಹಿಡಿದು ಹೊಸಿಲ ಮೇಲೆ ಕೂತಳು.

ಜೀಪು ಬಂತು. ಬೀಟಿಗೆ ಹೊಸದಾಗಿ ಬಂದಿದ್ದ ಭೈರೇಶ ಚಿಲಕ ತೆಗೆದು ನೋಡಿದರೆ ಒಳಗೆ ಕಳ್ಳರ ಗುಂಪು: ಶಲ್ಯ ಹೊದ್ದ ಮೀಸೆಯ ಸೋದರಮಾವ, ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ ಇಟ್ಟುಕೊಂಡ ತಾಯಿ, ಬೆವತುಹೋದ ಗಂಡು.

“ಅಜ್ಜಿ, ಇವ್ರು ಕಳ್ಳರಲ್ಲ, ಹೆಣ್ಣು ನೋಡಕ್ಕೆ ಬಂದೋರು.”

“ಹಂಗಂತ ಹಣೇಲಿ ಬರ್ಕಂಡಿರ್ತಾರಾ?” ಎಂದಳು ಹುಲಿಯಮ್ಮ.

ಮೀಸೆಯ ಮಾವ ಸಿಟ್ಟಿನಿಂದ ಕುಣಿದಾಡಿಬಿಟ್ಟ. ಕಾರು ತರೀಕೆರೆಗೆ ಹೊರಟೇಹೋಯಿತು. ಸುಲೋಚನಮ್ಮನ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಆರಿ ತಣ್ಣಗಾದವು. ಸಮಾಧಾನ ಹೇಳಲು ಬಂದ ಭೈರೇಶನಿಗೆ ಸ್ಫೂರ್ತಿ ನಗು ತಡೆಯಲಾರದೆ ಅದನ್ನೇ ಬಡಿಸಿದಳು. ಪುಣ್ಯಾತ್ಮ ಎರಡೆರಡು ಸಲ ಹಾಕಿಸಿಕೊಂಡ. ಮೂರು ತಿಂಗಳಿಗೆ ಅವನ ತಂದೆತಾಯಿ ಹೆಣ್ಣು ಕೇಳಿಕೊಂಡು ಅಜ್ಜಂಪುರದಿಂದ ಬಂದರು. ಜಾಣರು, ಸೀದಾ ಹುಲಿಯಮ್ಮನ ಜಗಲಿಗೇ ಹೋಗಿ ತಾವು ಯಾರು, ಯಾಕೆ ಬಂದಿದ್ದೇವೆ ಎಂದು ಮೊದಲೇ ಹೇಳಿಕೊಂಡರು.

ಅಳಿಯನೇನೋ ಬಂಗಾರದಂಥವನೇ ಸಿಕ್ಕಿದ. ಆದರೆ ಅದನ್ನು ಒಪ್ಪಿಕೊಂಡರೆ ಹುಲಿಯಮ್ಮ ಗೆದ್ದಂತಾಗುವುದಿಲ್ಲವೇ? ಮಾತು ಬಿಟ್ಟೆ ಅಂದ ಮೇಲೆ ಬಿಟ್ಟೆ. ಹಾಗಂತ ಇಬ್ಬರೂ ಬಾಯಿ ಕಟ್ಟಿಕೊಂಡು ಇದ್ದರೇ? ರಾಮ ರಾಮ! ಎರಡು ಮನೆಗಳ ನಡುವೆ ಒಂದು ಕರಿಬೇವಿನ ಗಿಡವಿತ್ತು.

“ಏ ಕರಿಬೇವೇ,” ಎನ್ನುವಳು ಹುಲಿಯಮ್ಮ, “ಕೆಲವ್ರು ಗ್ಯಾಸ್ ಸಿಲಿಂಡರ್ ಆಚೇನೇ ಬಿಟ್ಟವ್ರೆ. ಕಳ್ಳ ಹೊತ್ಕಂಡು ಹೋದ್ರೆ ಆಮೇಲೆ ಬಾಯಿ ಬಾಯಿ ಬಡ್ಕಬಾರ್ದು.”

“ಗಿಡವೇ, ನಮ್ಮ ಸಿಲಿಂಡರ್ರು, ನಮ್ಮಿಷ್ಟ,” ಎನ್ನುವಳು ಸುಲೋಚನಮ್ಮ, ಎನ್ನುತ್ತಲೇ ಸಿಲಿಂಡರನ್ನು ಒಳಕ್ಕೆ ಉರುಳಿಸುವಳು.

ಸ್ಫೂರ್ತಿಯ ಮದುವೆ ದಿನವೂ ಅಷ್ಟೇ. “ಕರಿಬೇವೇ, ಛತ್ರಕ್ಕೆ ಹೋಗೋರು ಹಿತ್ಲು ಬಾಗ್ಲು ಭದ್ರ ಮಾಡ್ಲಿ. ಮಿಕ್ಕಿದ್ದು ಇಲ್ಲಿರೋರು ನೋಡ್ಕಂತಾರೆ.” ಸಂಜೆ ಸುಲೋಚನಮ್ಮ ಗಿಡದ ಬುಡದಲ್ಲಿ ಕ್ಯಾರಿಯರ್ ಇಟ್ಟು, “ಗಿಡವೇ, ಹೋಳಿಗೆ ಐತೆ. ಇರುವೆ ಹತ್ತೋದ್ರೊಳಗೆ ಯಾರಾದ್ರೂ ತಿನ್ಲಿ,” ಎಂದು ಒಳಗೆ ಹೋದಳು. ಬೆಳಗ್ಗೆ ಕ್ಯಾರಿಯರ್ ತೊಳೆದು ಮಗುಚಿ ಇಟ್ಟಿತ್ತು. ನಾಲ್ಕು ವರ್ಷ ಆ ಗಿಡಕ್ಕೆ ಬಿದ್ದಷ್ಟು ಬೈಗುಳ ಜಗತ್ತಿನ ಯಾವ ಗಿಡಕ್ಕೂ ಬಿದ್ದಿರಲಾರದು. ಆದರೂ ಸೊಂಪಾಗಿ ಬೆಳೆದಿತ್ತು.

*

ಎರಡೂವರೆಗೆ ಠಾಣೆಯಿಂದ ಫೋನು ಬಂತು. ಹೋಮ್‌ಗಾರ್ಡನ್ನು ಬೇರೆ ಕಡೆ ಬಂದೋಬಸ್ತಿಗೆ ಹಾಕಿದ್ದರು.

“ನಾನೇ ಇರ್ತೀನಿ ಬಿಡಿ,” ಎಂದ ಭೈರೇಶ.

“ಅದೆಂಗಾಯ್ತದೆ ಭೈರೇಶಣ್ಣ?” ಹುಲಿಯಮ್ಮನ ಮಗ ಕೆಂಪರಾಜು ಅವನ ಕೈ ಹಿಡಿದುಕೊಂಡ. ಬಿಳಿ ಅಂಗಿ ತೊಟ್ಟು ಬೆಳಗಿನಿಂದ ಬುದ್ಧವಂದನೆ ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು. “ನಂಗೆ ಅಣ್ಣತಮ್ಮಂದಿರಿಲ್ಲ. ನಮ್ಮವ್ವ ನಿನ್ನನ್ನ ‘ನಮ್ಮ ಡಿಪಾರ್ಟ್‌ಮೆಂಟೋನು’ ಅಂತಿದ್ಲು. ನೀನು ಹೆಗಲು ಕೊಡ್ದೆ ಇನ್ಯಾರು ಕೊಡ್ತಾರೆ?”

ಎದುರುಮನೆ ಮಲ್ಲಿಕಾಂಬ ಸೆರಗು ಸರಿಮಾಡಿಕೊಂಡು, “ಸುಲೋಚನಮ್ಮೋರೇ, ನಿಮ್ಗೂ ಅವ್ರಿಗೂ ಹೆಂಗೂ ಮಾತಿರ್ಲಿಲ್ವಲ್ಲ. ನೀವೇ ಇದ್ಬಿಡಿ,” ಎಂದಳು.

ಸುಲೋಚನಮ್ಮನಿಗೆ ನೆತ್ತಿಗೇರಿತು. “ಮಾತಿರ್ಲಿಲ್ಲ ಅಂತ ನಿಂಗೆ ಯಾರು ಹೇಳಿದ್ದು? ದಿನಾ ಮೂರು ಹೊತ್ತು ಮಾತಾಡ್ತಿದ್ವಿ! ನಾನು ಹೋಗೋಳೇ. ಬೇಕಾದ್ರೆ ನೀನಿರು.”

“ಒಂದು ಗಂಟೆ ಮಾತು, ಎಲ್ಲಾ ಭದ್ರವಾಗಿ ಬೀಗ ಹಾಕ್ಕೊಳ್ಳಿ,” ಎಂದು ರಂಗಯ್ಯ ಪಂಚಾಯ್ತಿ ಮುಗಿಸಿದರು.

ತಮಟೆ ಮೊದಲಾಯಿತು. ಕೆಂಪರಾಜು, ಭೈರೇಶ ಮುಂದೆ ಹೆಗಲು ಕೊಟ್ಟರು. ನೋಯುವ ಮೊಣಕಾಲು ಹಿಡಿದುಕೊಂಡು ಸುಲೋಚನಮ್ಮ ಕೊನೆಯಲ್ಲಿ ಹೊರಟಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಮೂಲೆಯವರೆಗೆ ಬಂದಳು. ಅಲ್ಲಿ ಯಾಕೋ ತಿರುಗಿ ನೋಡಿದಳು.

ಬೀದಿ ಖಾಲಿ. ಸಾಲಾಗಿ ಬೀಗಗಳು. ಜಗಲಿ ಬರಿದಾಗಿತ್ತು. ಇಷ್ಟು ವರ್ಷದಲ್ಲಿ ಆ ಜಗಲಿಯನ್ನು ಹಾಗೆ ಅವಳು ನೋಡಿರಲೇ ಇಲ್ಲ. ಇವತ್ತೇ ಏನಾದರೂ ಕಳುವಾದರೆ? ಹುಲಿಯಮ್ಮನ ಮಣ್ಣಿನ ದಿನ ಬೀದಿ ದೋಚಿದರು ಅನ್ನೋ ಮಾತು ಊರಲ್ಲಿ ಉಳಿದರೆ? ಕಾಲು ಮುಂದಕ್ಕೆ ಬರಲೇ ಇಲ್ಲ. ತಮಟೆಯ ಸದ್ದು ದೂರಾಗುತ್ತ ಹೋಯಿತು.

“ಹಾಳಾದೋಳು, ಹೋಗ್ತಾನೂ ಕೆಲ್ಸ ಹಚ್ಚಿ ಹೋದ್ಲು,” ಎಂದು ಗೊಣಗುತ್ತ ಸುಲೋಚನಮ್ಮ ವಾಪಸು ಬಂದು ಹುಲಿಯಮ್ಮನ ಜಗಲಿಯ ಮೇಲೆ ಕೂತಳು. ಗುಂಡಿಯ ಹತ್ತಿರ ಆಡಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಕಣ್ಣು ತುಂಬಿ ಬಂತು.

ಸ್ವಲ್ಪ ಹೊತ್ತಿಗೆ ಒಂದು ಕೆಂಪು ಬೈಕು ಬಂತು. ಇಬ್ಬರು ಗಂಡಸರು, ಹೆಗಲಿಗೆ ಚೀಲ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು, ಮಳೆ ಬಂದು ತಿಂಗಳಾಗಿತ್ತು. ಒಬ್ಬ ಇಳಿದು ಮಲ್ಲಿಕಾಂಬಳ ಗೇಟಿನೊಳಗೆ ಕೈ ಹಾಕಿ ಚಿಲಕ ಹುಡುಕತೊಡಗಿದ.

“ಯಾರಪ್ಪಾ ಅದು?” ಸುಲೋಚನಮ್ಮನ ದನಿ ತೆಳ್ಳಗೆ ಹೊರಟಿತು.

ಅವನು ಬೆಚ್ಚಿ, ಆಮೇಲೆ ನಕ್ಕ. “ಕುಕ್ಕರ್ ರಿಪೇರಿ ಕಣಮ್ಮೋ. ಎಲ್ಲಾ ಮಣ್ಣಿಗೆ ಹೋದ್ರಾ? ನೀವೊಬ್ರೇನಾ ಇರೋದು?” ಎನ್ನುತ್ತ ಜಗಲಿಯ ಕಡೆಗೇ ಬಂದ. ಅವನ ಕಣ್ಣು ಅವಳ ಕೊರಳ ಸರದ ಮೇಲಿತ್ತು. ಫೋನು ಸ್ಫೂರ್ತಿಯ ಬ್ಯಾಗಿನಲ್ಲಿ. ಓಡೋಣವೆಂದರೆ ಮೊಣಕಾಲು ಬೇಡವೆನ್ನುತ್ತಿತ್ತು. ಸುಲೋಚನಮ್ಮನ ಜೀವ ಬಾಯಿಗೆ ಬಂತು, ಬಾಯಿಗೆ ಬಂದದ್ದು ಕೂಗಾಗಿ ಹೊರಬಿತ್ತು.

“ಏ ಹುಲಿಯಮ್ಮಾ! ಎದ್ದು ಆಚೆ ಬಾರೇ! ಯಾರೋ ಬಂದವ್ರೆ ನೋಡು!”

ಅವನು ನಿಂತ. “ಯಾವ ಹುಲಿಯಮ್ಮ?” ಎಂದ. ಕಣ್ಣು ಬೀದಿ ಮೂಲೆಯ ಫ್ಲೆಕ್ಸಿನ ಕಡೆ ಹೋಗಿ ಬಂತು.

ಸುಲೋಚನಮ್ಮನಿಗೂ ಆಗಲೇ ನೆನಪಾಗಿದ್ದು. ಆದರೆ ಆಡಿದ ಮಾತು ವಾಪಸು ತೆಗೆದುಕೊಳ್ಳುವ ಪೈಕಿಯೇ ಅಲ್ಲ ಅವಳು. “ಊರಿಗೆಲ್ಲ ಎಷ್ಟು ಜನ ಹುಲಿಯಮ್ಮ ಇದ್ದಾರೆ? ಅವ್ಳೇ!” ಎಂದವಳೇ ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟಳು. “ಹಾಂ? ಏನಂದೆ? ಹೂಂ ಕಣೇ, ಕೆಂಪು ಬೈಕು. ನಂಬರಿಗೆ ಕೆಸರು ಬಳ್ದವ್ರೆ. ಏ, ಇರು ಇರು, ಒನಕೆ ಯಾಕೀಗ? ಮೊದ್ಲು ಎದ್ದು ಸೀರೆ ಸರಿ ಮಾಡ್ಕೋ.”

ಕಿಟಕಿಯ ಹಿಂದಿನ ಕತ್ತಲಲ್ಲಿ ಕೆಂಪರಾಜು ಹಚ್ಚಿಟ್ಟು ಹೋಗಿದ್ದ ಮೇಣದಬತ್ತಿ ಗಾಳಿಗೆ ಹೊಯ್ದಾಡಿತು.

“ಲೇ,” ಎಂದ ಬೈಕಿನ ಮೇಲಿದ್ದವನು, ಒಣಗಿದ ದನಿಯಲ್ಲಿ. “ಫೋಟೋದಲ್ಲಿರೋಳು ಕಣ್ಲಾ... ಬಾರ್ಲಾ ಬೇಗ!”

ಬೈಕು ಒಮ್ಮೆ ಆಫ್ ಆಯಿತು, ಎರಡು ಸಲ ಒದೆಸಿಕೊಂಡಿತು, ಆಮೇಲೆ ಬಿದ್ದು ಎದ್ದು ಓಡಿತು. ಚೀಲ ಮಲ್ಲಿಕಾಂಬಳ ಗೇಟಿನ ಹತ್ತಿರವೇ ಬಿತ್ತು. ಅದರೊಳಗಿಂದ ಕುಕ್ಕರಿನ ವಿಷಲ್ ಬರಲಿಲ್ಲ, ಒಂದು ಹಾರೆಕೋಲು ಹೊರಬಂತು.

ಸುಲೋಚನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. “ಓಡೋದ್ರು ಕಣೇ! ನೋಡ್ದಾ? ಸತ್ತ ಮೇಲೂ ಡ್ಯೂಟಿ ಬಿಡ್ಲಿಲ್ವಲ್ಲೇ ನೀನು, ನಿನ್ನ ಮನೆ ಕಾಯ್ವಾಗ!” ಎಂದಳು. ಎಂದ ಮೇಲೆಯೇ ಅವಳಿಗೆ ಹೊಳೆಯಿತು. ಕರಿಬೇವಿನ ಗಿಡ ಪಕ್ಕದಲ್ಲೇ ಇತ್ತು. ಅದರ ಕಡೆ ತಾನು ತಿರುಗಿಯೂ ನೋಡಿರಲಿಲ್ಲ.

ಜಗಲಿಯ ಮೇಲೆ ಜರುಗಿ ಬಾಗಿಲಿಗೆ ಎದುರಾಗಿ ಕೂತಳು.

“ಕೇಳು,” ಎಂದಳು. “ಅಳಿಯ ಒಳ್ಳೇವ್ನು ಕಣೇ. ನೀನು ಅವತ್ತು ಕೂಡಾಕ್ದೇ ಇದ್ದಿದ್ರೆ ಆ ಮೀಸೆಯೋನ ಮನೆಗೆ ಕೊಟ್ಟು ಕೂತಿರ್ತಿದ್ದೆ. ಇದನ್ನ ಮದ್ವೆ ದಿನಾನೇ ಹೇಳ್ಬೇಕಾಗಿತ್ತು. ಏನ್ಮಾಡ್ಲಿ, ನಂದೂ ಒಂದು ಬುದ್ಧಿ. ಮತ್ತೆ ಇನ್ನೊಂದು, ಅವತ್ತಿನ ಕೇಸರಿಬಾತಿಗೆ ಸಕ್ಕರೆ ಜಾಸ್ತಿ ಆಗಿತ್ತು, ಅವ್ರು ತಿಂದಿದ್ರೂ ಒಪ್ತಿರ್ಲಿಲ್ಲ ಬಿಡು. ನಗ್ಬೇಡ. ಈಗ ಮಲ್ಲಿಕಾಂಬನ ವಿಷ್ಯ ಕೇಳು...”

ಮಾತಿಗೆ ಮಾತು ಬೆಳೆಯಿತು. ಸಿಲಿಂಡರಿನ ವಿಷಯ ಬಂತು, ಈರಣ್ಣನ ಕೊನೆಯ ದಿನಗಳು ಬಂದವು, ಅವತ್ತು ಕಾಯಿಸಿಟ್ಟ ನೀರಿನ ವಿಷಯವೂ ಬಂತು.

ಮಣ್ಣಿಗೆ ಹೋದವರು ಕೈಕಾಲು ತೊಳೆದು ವಾಪಸು ಬಂದದ್ದು ಅವಳ ಓರೆಗಣ್ಣಿಗೆ ಕಂಡಿತು. ಮುಂದೆ ರಂಗಯ್ಯ, ಅವರ ಹಿಂದೆ ಭೈರೇಶ, ಕೆಂಪರಾಜು, ಸ್ಫೂರ್ತಿ, ಒದ್ದೆ ಕಾಲಿನ ಇಡೀ ಬೀದಿ. ಮಲ್ಲಿಕಾಂಬ ತನ್ನ ಗೇಟಿನ ಹತ್ತಿರ ಬಿದ್ದ ಹಾರೆಕೋಲು ನೋಡಿ “ಅಯ್ಯೋ!” ಎಂದು ಬಾಯಿ ತೆರೆದಳು.

ಸುಲೋಚನಮ್ಮ ಬಾಗಿಲಿನಿಂದ ಮುಖ ತಿರುಗಿಸಲಿಲ್ಲ. ಒಂದು ಕೈಯನ್ನಷ್ಟೇ ಮೇಲಕ್ಕೆತ್ತಿ ಅಡ್ಡ ಹಿಡಿದಳು, ಸ್ವಲ್ಪ ಇರ್ರಿ ಎನ್ನುವಂತೆ. ಎಲ್ಲರೂ ಇದ್ದಲ್ಲೇ ನಿಂತರು. ಒದ್ದೆ ಪಾದಗಳ ಸುತ್ತ ಮಣ್ಣು ನೆನೆಯುತ್ತಿತ್ತು. ಅವಳು ಬಾಗಿಲಿಗೆ ಇನ್ನಷ್ಟು ಹತ್ತಿರ ಜರುಗಿ, ದನಿ ತಗ್ಗಿಸಿ, ಹೇಳುತ್ತಿದ್ದುದನ್ನು ಮುಂದುವರಿಸಿದಳು.