ಉರಿಯದ ಪೇಸ್ಟು

ಕರೆಂಟು ಕೊಡಲು ಶುರುಮಾಡಿ ಕೆಲವು ವಾರ ಕಳೆಯುವಷ್ಟರಲ್ಲಿ ಮುನಿರಾಜನ ಬಾಯೆಲ್ಲ ಹುಣ್ಣೆದ್ದಿತ್ತು. ಬೆಂಗಳೂರಿನ ಆಸ್ಪತ್ರೆಯವರು ಅದನ್ನು ರೇಡಿಯೇಶನ್ ಎನ್ನುತ್ತಿದ್ದರು. ಸಮೇತನಹಳ್ಳಿಯವರ ಬಾಯಲ್ಲಿ ಮಾತ್ರ ಅದು ಕರೆಂಟೇ. ಕೆನ್ನೆಯೊಳಗಿನ ಗಂಟನ್ನು ಸುಡಲೆಂದು ಕೊಟ್ಟದ್ದು ನಾಲಿಗೆ, ಒಸಡು, ಗಂಟಲು ಯಾವುದನ್ನೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಪೇಸ್ಟನ್ನು ಬ್ರಷ್ಷಿಗೆ ಹಚ್ಚಿಕೊಂಡು ಬಾಯಿಗಿಟ್ಟವನು ಬ್ರಷ್ಷನ್ನು ಅಂಗಳಕ್ಕೆ ಎಸೆದು, ಎರಡು ಕೈಯಲ್ಲೂ ದವಡೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲೇ ಕುಸಿದು ಕೂತ. ಹೆಂಡತಿ ಪದ್ಮಶ್ರೀ ಓಡಿಬಂದಾಗ ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

'ಇನ್ಮೇಲೆ ಹಲ್ಲುಜ್ಜಲ್ಲ ಕಣೇ. ಉದುರೋದ್ರೆ ಉದುರೋಗ್ಲಿ.'

ಹಾಗೆ ಬಿಡುವಂತಿರಲಿಲ್ಲ. ಬಾಯಿ ಚೊಕ್ಕಟವಾಗಿ ಇಟ್ಟುಕೊಳ್ಳದಿದ್ದರೆ ಹುಣ್ಣು ಕೀವಾಗುತ್ತದೆ, ಆಗ ಕರೆಂಟು ಕೊಡುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಪದ್ಮಶ್ರೀಗೆ ಪೇಸ್ಟು ಮಾಡುವುದು ಹೊಸತೇನಲ್ಲ. ಒಣಗಿಸಿದ ಬೇವಿನೆಲೆ, ಸೀಬೆ ಎಲೆ, ಲವಂಗ, ಉಪ್ಪು ಎಲ್ಲವನ್ನೂ ಕುಟ್ಟಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತನಗೂ ಅತ್ತೆ ಪಿಳ್ಳಮ್ಮನಿಗೂ ಎಂದು ಡಬ್ಬಿ ತುಂಬಿಡುತ್ತಿದ್ದಳು. ಮುನಿರಾಜ ಅದನ್ನು ಮುಟ್ಟುತ್ತಿರಲಿಲ್ಲ. ತರಕಾರಿ ಟೆಂಪೊ ಓಡಿಸುವವನು. ನಿದ್ದೆ ಬರದಿರಲೆಂದು ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ವರ್ಷಗಟ್ಟಲೆ ಮಾರುಕಟ್ಟೆಗೆ ಹೋಗಿ ಬಂದಿದ್ದ. 'ಬಿಡ್ರೀ ಅದನ್ನ' ಎಂದು ಅವಳು ಹೇಳಿದಾಗಲೆಲ್ಲ 'ಆಯ್ತು, ಈ ಸಂಕ್ರಾಂತಿಗೆ ಬಿಡ್ತೀನಿ' ಎನ್ನುತ್ತಿದ್ದ.

ಆವತ್ತು ಅವಳು ಮೊದಲು ಲವಂಗ ಬಿಟ್ಟಳು. ಆಮೇಲೆ ಉಪ್ಪು. ಬೇವು, ಸೀಬೆ ಎಲೆ ತನ್ನ ನಾಲಿಗೆಗೇ ಚುರುಗುಟ್ಟಿದವೆಂದು ಅವನ್ನೂ ಬಿಟ್ಟಳು. ಕೊನೆಗೆ ಉಳಿದದ್ದು ಕೊಬ್ಬರಿ ಎಣ್ಣೆಯೊಂದೇ. ಅದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಬೇಕೆಂದುಕೊಂಡಳು. ಆಸ್ಪತ್ರೆಯ ನರ್ಸನ್ನು ಕೇಳಿದಾಗ 'ಅದೇನೂ ಮಾಡಲ್ಲಮ್ಮ, ಆದ್ರೆ ತರಿ ಇರಬಾರದು' ಎಂದಳು. ಪದ್ಮಶ್ರೀ ಸೋಡಾವನ್ನು ಒರಳಲ್ಲಿ ನುಣ್ಣಗೆ ಅರೆದು ಹಳೇ ಪಂಚೆಯ ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿದಳು. ಆದರೂ ಧೈರ್ಯ ಸಾಲದೆ ತನ್ನ ಕೆಳತುಟಿಯ ಒಳಗನ್ನು ರಕ್ತ ಬರುವಂತೆ ಕಚ್ಚಿಕೊಂಡು, ಆ ಗಾಯದ ಮೇಲೆ ಹಚ್ಚಿಕೊಂಡು ನೋಡುತ್ತಾ ಕೂತಳು.

ಪಿಳ್ಳಮ್ಮ ಅಡುಗೆಮನೆಗೆ ಬಂದವಳು ಬೆಚ್ಚಿದಳು. 'ಅಯ್ಯೋ, ತುಟಿಗೇನ್ ಮಾಡ್ಕೊಂಡೆ ಮಗಾ?'

'ಉರೀತದಾ ಅಂತ ನೋಡ್ತಿದ್ದೆ ಅತ್ತೆ.'

ಮುದುಕಿ ಸೊಸೆಯ ಕೈಯಿಂದ ಬಟ್ಟೆ ಈಸಿಕೊಂಡು, ಪಕ್ಕದಲ್ಲೇ ಕೂತು ತಾನೂ ಸೋಸತೊಡಗಿದಳು.

ಮಾರನೆಯ ಬೆಳಿಗ್ಗೆ ಪದ್ಮಶ್ರೀ ಬೆರಳಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಗಂಡನನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿದಳು. ಅವನು ಮುಖ ಆ ಕಡೆ ತಿರುಗಿಸಿದ.

'ನಾತ ಹೊಡೀತೈತೆ. ನಿಂಗೆ ಹೇಸಿಗೆ ಆಗಲ್ವಾ?'

'ಸುಮ್ನೆ ಬಾಯಿ ತೆಗೀರಿ.'

ಒಂದೊಂದೇ ಹಲ್ಲನ್ನು ಮಗುವಿನ ಮೈ ಒರೆಸುವ ಹಾಗೆ ಒರೆಸಿದಳು. ಮುನಿರಾಜ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಉರಿಗಾಗಿ ಕಾದ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕಣ್ಣು ಬಿಟ್ಟ.

'ಉರೀಲಿಲ್ಲ ಕಣೇ' ಎಂದ.

ಅವಳು ಚೆಂಬು ಎತ್ತಿಕೊಂಡು ಬಚ್ಚಲಿಗೆ ಹೋಗಿ, ನೀರು ಬಿಟ್ಟುಕೊಂಡು ಸದ್ದು ಕೇಳದಂತೆ ಅತ್ತಳು. ಮದುವೆಯಾದ ಇಷ್ಟು ವರ್ಷದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅದೇ ದಿನಚರಿಯಾಯಿತು. ಕರೆಂಟು ಮುಗಿಯಿತು, ಹುಣ್ಣು ಆರಿತು, ಗಂಜಿ ಹೋಗಿ ಮೆತ್ತಗಿನ ಮುದ್ದೆ ಇಳಿಯತೊಡಗಿತು. ಪದ್ಮಶ್ರೀ ಮುಂದಿನ ವರ್ಷದ ಮಾತಾಡಲು ಶುರುಮಾಡಿದಳು. ಆದರೆ ಸ್ಕ್ಯಾನಿಂಗಿನಲ್ಲಿ ಕಾಯಿಲೆ ಕತ್ತಿಗೂ ಶ್ವಾಸಕೋಶಕ್ಕೂ ಇಳಿದಿರುವುದು ಕಂಡಿತು. ಡಾಕ್ಟರು ಅವಳನ್ನೊಬ್ಬಳನ್ನೇ ಒಳಗೆ ಕರೆದು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅವನ ದವಡೆ ದಿನದಿಂದ ದಿನಕ್ಕೆ ಬಿಗಿಯುತ್ತಾ ಬಂದು, ಕೊನೆಗೆ ಅವಳ ಬೆರಳೂ ಒಳಗೆ ಹೋಗದಂತಾಯಿತು. ಆಗ ಅವಳು ತುಟಿಯ ಸಂದಿಗೆ, ಮುಂದಿನ ಹಲ್ಲುಗಳಿಗೆ ಮಾತ್ರ ಹಚ್ಚುತ್ತಿದ್ದಳು. ಮಾತು ನಿಂತಿದ್ದ ಮುನಿರಾಜ ಅವಳ ಮುಂಗೈ ಹಿಡಿದುಕೊಂಡು, ಹಚ್ಚಿ ಮುಗಿದರೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನ ಉಸಿರು ನಿಂತಿತು.

ಹೆಣದ ಬಾಯಿಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಬಾಯಿ ತೆರೆಯಲಿಲ್ಲ. ಮುನಿರಾಜನ ದೊಡ್ಡಪ್ಪನ ಮಗ ಕಾಂತರಾಜು ಗಲ್ಲ ಹಿಡಿದು ಅದುಮಿದ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಪದ್ಮಶ್ರೀ ಅವನ ಕೈ ಹಿಡಿದು ತಳ್ಳಿದಳು.

'ಬಲವಂತ ಮಾಡ್ಬೇಡಿ ಭಾವ, ನೋಯ್ತದೆ.'

ಕಾಂತರಾಜು ಕೈ ತೆಗೆದ. ಬಂದವರೆಲ್ಲ ತುಟಿಯ ಮೇಲೆಯೇ ಅಕ್ಕಿಯಿಟ್ಟು ಕೈ ಮುಗಿದರು.

ತಿಥಿ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೆ, ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಆ ಕಡೆಯಿದ್ದವಳು ಸೂಲಿಬೆಲೆಯ ಬೈರಮ್ಮ ಎಂಬ ಹೆಂಗಸು. ಮಗ ಭಾನುಪ್ರಕಾಶನಿಗೆ ಅದೇ ಆಸ್ಪತ್ರೆಯಲ್ಲಿ ಕರೆಂಟು ನಡೆಯುತ್ತಿತ್ತಂತೆ. ನಂಬರು ಕೊಟ್ಟದ್ದು ನರ್ಸಂತೆ.

'ನೀರು ತಾಕ್ಸಿದ್ರೂ ಕಿರುಚ್ಕೊಂತಾನೆ ಕಣಮ್ಮ. ನಿಮ್ಮೆಜಮಾನ್ರಿಗೆ ಅದೇನೋ ಪೇಸ್ಟು ಮಾಡ್ಕೊಟ್ಯಂತೆ, ಒಂಚೂರು ಹೇಳ್ಕೊಡವ್ವ.'

ಪದ್ಮಶ್ರೀ ಎಲ್ಲವನ್ನೂ ಹೇಳಿದಳು. ಎಷ್ಟು ಎಣ್ಣೆ, ಸೋಡಾ ಹೇಗೆ ಸೋಸಬೇಕು, ಬೆರಳಿಗೆ ಎಂಥಾ ಬಟ್ಟೆ ಸುತ್ತಬೇಕು. ಮಾಡಿದ ಮೇಲೆ ಡಾಕ್ಟರನ್ನು ಒಂದು ಮಾತು ಕೇಳಿಯೇ ಹಚ್ಚಿ ಎಂದೂ ಹೇಳಿದಳು. ಬೈರಮ್ಮ ಪ್ರತಿಯೊಂದಕ್ಕೂ ಹೂಂ ಹೂಂ ಎನ್ನುತ್ತಿದ್ದಳು. ಫೋನು ಇಡುವ ಮುಂಚೆ ಹಿಂಜರಿಯುತ್ತಾ ಕೇಳಿದಳು.

'ಈಗ ನಿಮ್ಮೆಜಮಾನ್ರು ಹೆಂಗವ್ರೆ?'

ಒಳಮನೆಯಲ್ಲಿ ಪಿಳ್ಳಮ್ಮ ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದಳು. ಪದ್ಮಶ್ರೀ ಗೋಡೆಗೆ ಒರಗಿಕೊಂಡಳು.

'ಚೆನ್ನಾಗವ್ರೆ ಅಮ್ಮ. ಟೆಂಪೊ ತಗೊಂಡು ಹೊಸಕೋಟೆಗೆ ಹೋಗವ್ರೆ.'

'ಅಷ್ಟು ಸಾಕು ಬಿಡವ್ವ' ಎಂದಳು ಬೈರಮ್ಮ. 'ನನ್ ಮಗಾನೂ ಹಂಗೇ ಎದ್ದು ಓಡಾಡ್ತಾನೆ.'

'ಓಡಾಡ್ತಾರೆ ಅಮ್ಮ' ಎಂದು ಪದ್ಮಶ್ರೀ ಫೋನು ಇಟ್ಟಳು. ಪಿಳ್ಳಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದು ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಹಾಗೆಯೇ ನಿಂತರು.